ಗಣಕ ಪ್ರಶ್ನೋತ್ತರ: ಮನೆಯ ವಿಡಿಯೊ ಮತ್ತು ಹೊಸ ಆವೃತ್ತಿಯ ಗೊಂದಲ

ಈ ತಿಂಗಳು ಮುಂಬಯಿ, ಪುಣೆ, ಗೋವೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಮನೆಯ ಕಂಪ್ಯೂಟರಿನಲ್ಲಿರುವ ವಿಡಿಯೊ ಸಂಕಲನದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಬೇಕೇ, ಏರಿಸಿದ ಮೇಲೆ ಎದುರಾಗುವ ತೊಂದರೆಗಳಿಗೆ ಏನು ಮಾಡಬೇಕು ಎಂಬುದು. ಪ್ರಿಂಟರ್ ಮತ್ತು ವೈಫೈ ಕುರಿತು ಬರೆದವರು ಮುಂದಿನ ಸಂಚಿಕೆಯವರೆಗೆ ತಾಳ್ಮೆಯಿಂದಿರಬೇಕೆಂದು ಕೋರಿ, ಈ ಬಾರಿ ಇದೊಂದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮಾಟುಂಗ, ಕುರ್ಲಾ, ಡೊಂಬಿವಲಿಗಳಲ್ಲಿ ನಡೆಯುವ ಯಕ್ಷಗಾನ ಮತ್ತು ತಾಳಮದ್ದಳೆಗಳನ್ನು ಹದಿನೈದು ವರ್ಷಗಳಿಂದ ಚಿತ್ರೀಕರಿಸಿ, ಮನೆಯಲ್ಲಿಯೇ ಕತ್ತರಿಸಿ ಜೋಡಿಸಿ ಕಲಾವಿದರಿಗೆ ಪ್ರತಿ ಕೊಡುವುದು ನನ್ನ ಹವ್ಯಾಸ. 2014ರಲ್ಲಿ ಹಣ ಕೊಟ್ಟು ಕೊಂಡ ಸಂಕಲನ ತಂತ್ರಾಂಶವನ್ನು ತೆರೆದಾಗಲೆಲ್ಲ ಹೊಸ ಆವೃತ್ತಿ ಬಂದಿದೆ ಎಂಬ ಸೂಚನೆ ಕಾಣಿಸುತ್ತದೆ. ಮೂರೂವರೆ ಗಂಟೆಯ ಒಂದು ಪ್ರಸಂಗದ ಕೆಲಸ ಅರ್ಧದಲ್ಲಿದೆ. ನಮ್ಮ ಕಟ್ಟಡದ ಇನ್ನೊಬ್ಬರು ಹೊಸ ಆವೃತ್ತಿಯನ್ನು ಹಾಕಿಕೊಂಡ ಮೇಲೆ ಅವರ ಹಳೆಯ ಪ್ರಾಜೆಕ್ಟ್‌ಗಳಲ್ಲಿ ಅರ್ಧದಷ್ಟು ಕ್ಲಿಪ್‌ಗಳು ಕಾಣೆಯಾಗಿವೆ. ನಾನು ಅಪ್‌ಡೇಟ್ ಮಾಡಬಹುದೇ?
– ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಕೈಯಲ್ಲಿರುವ ಪ್ರಸಂಗ ಮುಗಿದು ಅದರ ಪ್ರತಿ ಕಲಾವಿದರ ಕೈ ಸೇರುವವರೆಗೆ ಬೇಡ. ಕೆಲಸದ ನಡುವೆ ಆವೃತ್ತಿ ಬದಲಿಸಬಾರದು ಎಂಬುದು ಸಂಕಲನವನ್ನೇ ವೃತ್ತಿಯಾಗಿ ಮಾಡುವವರೂ ಪಾಲಿಸುವ ನಿಯಮ. ಹವ್ಯಾಸಿಗಳಿಗೆ ಅದರಿಂದ ವಿನಾಯಿತಿ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ಅಪ್‌ಡೇಟ್ ಎಂಬ ಒಂದೇ ಗುಂಡಿಯ ಹಿಂದೆ ಎರಡು ಬೇರೆ ಸಂಗತಿಗಳು ಅಡಗಿರುತ್ತವೆ. ಆವೃತ್ತಿಯ ಸಂಖ್ಯೆಯಲ್ಲಿ ಚುಕ್ಕಿಯ ನಂತರದ ಅಂಕಿ ಮಾತ್ರ ಬದಲಾದರೆ, ಅಂದರೆ 13.0 ಇದ್ದದ್ದು 13.1 ಆದರೆ, ಅದು ಸಾಮಾನ್ಯವಾಗಿ ದೋಷಗಳ ತಿದ್ದುಪಡಿ. ಚುಕ್ಕಿಯ ಹಿಂದಿನ ಅಂಕಿಯೇ ಬದಲಾದರೆ ಪ್ರಾಜೆಕ್ಟ್ ಫೈಲಿನ ಒಳರಚನೆಯೂ ಬದಲಾಗಿರುವ ಸಂಭವ ಹೆಚ್ಚು. ಎಲ್ಲರೂ ಹೀಗೆಯೇ ಎಣಿಸುತ್ತಾರೆಂದು ತಿಳಿಯಬೇಡಿ. ಉಚಿತವಾಗಿ ಸಿಗುವ ಕೆಡೆನ್‌ಲೈವ್ ತನ್ನ ಆವೃತ್ತಿಗಳನ್ನು ವರ್ಷ ಮತ್ತು ತಿಂಗಳ ಲೆಕ್ಕದಲ್ಲಿ ಹೆಸರಿಸುತ್ತದೆ. 2020ರ ಆಗಸ್ಟ್ ತಿಂಗಳ 20.08 ಎಂಬ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟ್ ಅದರ ಹಿಂದಿನ ಆವೃತ್ತಿಗಳಲ್ಲಿ ಸರಿಯಾಗಿ ತೆರೆಯದು. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಇನ್ನೊಂದು ಎಚ್ಚರ ಬೇಕು. ಅದು ಪ್ರಾಜೆಕ್ಟ್‌ಗಳನ್ನು ಬಿಡಿ ಫೈಲುಗಳಾಗಿ ಇಡದೆ ಪ್ರಾಜೆಕ್ಟ್ ಲೈಬ್ರರಿ ಎಂಬ ಒಂದೇ ಉಗ್ರಾಣದಲ್ಲಿ ಇಡುತ್ತದೆ, ಮತ್ತು ಹೊಸ ದೊಡ್ಡ ಆವೃತ್ತಿ ಆ ಉಗ್ರಾಣವನ್ನೇ ಮೇಲ್ದರ್ಜೆಗೆ ಏರಿಸಲು ಅನುಮತಿ ಕೇಳುತ್ತದೆ. ಒಪ್ಪಿದ ಮೇಲೆ ಹಳೆಯ ಆವೃತ್ತಿಗೆ ಆ ಉಗ್ರಾಣದ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ಒಪ್ಪುವ ಮೊದಲು ಲೈಬ್ರರಿಯ ಬ್ಯಾಕಪ್ ತೆಗೆದಿರಬೇಕು.

ಇನ್ನು ನಿಮ್ಮ ನೆರೆಯವರ ಕಾಣೆಯಾದ ಕ್ಲಿಪ್‌ಗಳ ವಿಷಯ. ಪ್ರಾಜೆಕ್ಟ್ ಫೈಲಿನ ಒಳಗೆ ವಿಡಿಯೊ ಇರುವುದಿಲ್ಲ. ಯಾವ ಫೈಲಿನ ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ತೆಗೆದುಕೊಳ್ಳಬೇಕು, ಅದರ ಮೇಲೆ ಯಾವ ಟೈಟಲ್ ಬರಬೇಕು, ಧ್ವನಿ ಎಷ್ಟಿರಬೇಕು ಎಂಬ ಸೂಚನೆಗಳಷ್ಟೇ ಅದರಲ್ಲಿರುತ್ತವೆ. ನಿಮ್ಮ ಭಾಷೆಯಲ್ಲಿಯೇ ಹೇಳುವುದಾದರೆ, ಪ್ರಾಜೆಕ್ಟ್ ಫೈಲು ಭಾಗವತರ ಮುಂದಿರುವ ಪ್ರಸಂಗದ ಪಟ್ಟಿ. ಚೌಕಿಯಲ್ಲಿ ವೇಷಧಾರಿಯೇ ಇಲ್ಲದಿದ್ದರೆ ಪ್ರವೇಶದ ಪದವನ್ನು ಎಷ್ಟು ಸಲ ಹಾಡಿದರೂ ರಂಗಕ್ಕೆ ಯಾರೂ ಬರುವುದಿಲ್ಲ. ವೇಷಧಾರಿ ಬಾರದಿರಲು ಸಾಮಾನ್ಯವಾಗಿ ಎರಡು ಕಾರಣಗಳು. ಒಂದು, ವಿಳಾಸ ಬದಲಾಗಿರುವುದು: ಹೊಸ ಡಿಸ್ಕ್ ಜೋಡಿಸಿದಾಗಲೋ ವಿಂಡೋಸ್ ಮರುಸ್ಥಾಪಿಸಿದಾಗಲೋ ಡಿ ಡ್ರೈವ್ ಎಂದು ಇದ್ದದ್ದು ಇ ಡ್ರೈವ್ ಆಗಿಬಿಡುತ್ತದೆ, ತಂತ್ರಾಂಶ ಮಾತ್ರ ಹಳೆಯ ಅಕ್ಷರವನ್ನೇ ಹುಡುಕುತ್ತಿರುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರವನ್ನೇ ಮರಳಿ ಕೊಟ್ಟರೆ ಎಷ್ಟೋ ಬಾರಿ ಎಲ್ಲ ಕ್ಲಿಪ್‌ಗಳೂ ಒಮ್ಮೆಗೇ ಮರಳುತ್ತವೆ. ಇನ್ನೊಂದು, ಹೊಸ ಆವೃತ್ತಿಗೆ ಆ ಫೈಲಿನ ಬಗೆಯೇ ಓದಲು ಬಾರದಿರುವುದು. ಹಳೆಯ ಡಿಜಿಟಲ್ ಕ್ಯಾಮೆರಾಗಳ ಎಂಒವಿ ಫೈಲುಗಳನ್ನು ತೆರೆಯಲು ಹಲವು ತಂತ್ರಾಂಶಗಳು ಆ್ಯಪಲ್ ಸಂಸ್ಥೆಯ ಕ್ವಿಕ್‌ಟೈಮ್ ಅನ್ನು ನೆಚ್ಚಿಕೊಂಡಿದ್ದವು. ವಿಂಡೋಸ್‌ನ ಕ್ವಿಕ್‌ಟೈಮ್‌ಗೆ ಭದ್ರತಾ ತಿದ್ದುಪಡಿಗಳು 2016ರಲ್ಲಿ ನಿಂತುಹೋದವು, ಅದನ್ನು ಮತ್ತೆ ಹಾಕಿಕೊಳ್ಳುವುದು ಕ್ಷೇಮವಲ್ಲ. ಅಂಥ ಫೈಲುಗಳನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಪರಿವರ್ತಕದಿಂದ ಎಂಪಿ4 ಆಗಿ ಬದಲಿಸಿ ಮತ್ತೆ ಜೋಡಿಸಬೇಕಾಗುತ್ತದೆ.

ನಿಮ್ಮಂಥ ದೀರ್ಘ ಚಿತ್ರೀಕರಣದವರಿಗೆ ಮಾತ್ರ ತಟ್ಟುವ ಒಂದು ಸೂಕ್ಷ್ಮವಿದೆ. ಎವಿಸಿಎಚ್‌ಡಿ ಬಗೆಯ ಕ್ಯಾಮ್‌ಕಾರ್ಡರ್‌ಗಳು ಒಂದೇ ಉಸಿರಿನಲ್ಲಿ ತೆಗೆದ ದೃಶ್ಯವನ್ನೂ 2 ಅಥವಾ 4 ಜಿಬಿಯ ಆಸುಪಾಸಿನಲ್ಲಿ ತುಂಡರಿಸಿ ಎಂಟಿಎಸ್ ಫೈಲುಗಳಾಗಿ ಬರೆಯುತ್ತವೆ. ಆ ತುಂಡುಗಳು ಒಂದಕ್ಕೊಂದು ಹೇಗೆ ಸೇರುತ್ತವೆ ಎಂಬ ಮಾಹಿತಿ ಕಾರ್ಡಿನ ಇತರ ಫೋಲ್ಡರ್‌ಗಳಲ್ಲಿರುತ್ತದೆ. ಎಂಟಿಎಸ್ ಫೈಲುಗಳನ್ನು ಮಾತ್ರ ಹೆಕ್ಕಿ ನಕಲು ಮಾಡಿಕೊಂಡು ಹೊಸ ಆವೃತ್ತಿಯಲ್ಲಿ ಸಾಲಾಗಿ ಇಟ್ಟರೆ, ಸೇರುವ ಜಾಗದಲ್ಲಿ ಧ್ವನಿ ಒಂದು ಕ್ಷಣ ತುಂಡಾಗಬಹುದು. ಮಾತಿನ ನಡುವೆ ಅದು ಯಾರಿಗೂ ತಿಳಿಯದು, ಚೆಂಡೆ ಮದ್ದಳೆಯ ನಡುವೆ ಎಲ್ಲರಿಗೂ ತಿಳಿಯುತ್ತದೆ. ಕಾರ್ಡನ್ನು ನಕಲು ಮಾಡುವಾಗ ಇಡೀ ಫೋಲ್ಡರನ್ನೇ ಇದ್ದಂತೆ ನಕಲು ಮಾಡಿ.

ಪ್ರಸಂಗ ಮುಗಿದ ಮೇಲೆ ಏರಿಸುವುದೇ ಆದರೆ, ಅದಕ್ಕೆ ಮುನ್ನ ಮೂಲ ಚಿತ್ರೀಕರಣ, ಪ್ರಾಜೆಕ್ಟ್ ಫೈಲುಗಳು ಮತ್ತು ಸಿದ್ಧ ವಿಡಿಯೊದ ಉತ್ತಮ ಗುಣಮಟ್ಟದ ಒಂದು ಪ್ರತಿ, ಈ ಮೂರೂ ಹೊರಗಿನ ಡಿಸ್ಕಿನಲ್ಲಿ ಇರಲೇಬೇಕು. ಡಿಸ್ಕ್ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಒಪ್ಪದು. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ಸಾಧ್ಯವಾದರೆ ಎರಡನೆಯ ಡಿಸ್ಕನ್ನು ಬೇರೆ ಮನೆಯಲ್ಲಿ, ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯ ಮನೆಗಳಲ್ಲಿ ಮೂಲ ಪ್ರತಿಯೂ ನಕಲೂ ಒಂದೇ ಕಪಾಟಿನಲ್ಲಿ ನೆನೆದುದನ್ನು ಕಂಡವರಿಗೆ ಈ ಸಲಹೆ ಅತಿಯೆನಿಸದು. ವಿಂಡೋಸ್‌ನ ಸಿಸ್ಟಂ ರಿಸ್ಟೋರ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಅದು ವ್ಯವಸ್ಥೆಯ ಫೈಲುಗಳನ್ನು ಹಿಂದಿನ ಸ್ಥಿತಿಗೆ ತರುತ್ತದೆಯೇ ಹೊರತು ನಿಮ್ಮ ವಿಡಿಯೊಗಳನ್ನು ಕಾಯುವುದಿಲ್ಲ. ಹಳೆಯ ಆವೃತ್ತಿಯ ಸ್ಥಾಪನಾ ಫೈಲು ಮತ್ತು ಕ್ರಮಸಂಖ್ಯೆಯನ್ನೂ ಜೋಪಾನ ಮಾಡಿ, ಏಕೆಂದರೆ ಹಳೆಯ ಆವೃತ್ತಿ ಯಾವತ್ತೂ ಜಾಲತಾಣದಲ್ಲಿ ಸಿಗುತ್ತದೆ ಎಂಬ ಭರವಸೆಯಿಲ್ಲ.

ಹೊಸ ಆವೃತ್ತಿಯನ್ನು ಹಾಕಿದ ಮೇಲೆ ಮೊದಲು ತೆರೆಯಬೇಕಾದದ್ದು ಪ್ರಾಜೆಕ್ಟಿನ ನಕಲನ್ನು, ಮೂಲವನ್ನಲ್ಲ. ಒಟ್ಟು ಅವಧಿ ಹಳೆಯ ಸಿದ್ಧ ವಿಡಿಯೊದ ಅವಧಿಗೆ ಸರಿಹೊಂದುತ್ತದೆಯೇ ನೋಡಿ, ನಂತರ ನೇರವಾಗಿ ಕೊನೆಯ ಐದು ನಿಮಿಷಕ್ಕೆ ಹೋಗಿ. ಧ್ವನಿ ಮತ್ತು ದೃಶ್ಯ ಸರಿದಿದ್ದರೆ ಅದು ಕೊನೆಯಲ್ಲಿಯೇ ಎದ್ದು ಕಾಣುತ್ತದೆ. ಹಳೆಯ ಎಫೆಕ್ಟ್ ಪ್ಲಗಿನ್‌ಗಳು 32 ಬಿಟ್‌ನವಾದರೆ 64 ಬಿಟ್‌ನ ಹೊಸ ತಂತ್ರಾಂಶದಲ್ಲಿ ಅವು ನಡೆಯುವುದಿಲ್ಲ. ಪ್ರಿವ್ಯೂ ಹಸಿರಾಗಿಯೋ ಕಪ್ಪಾಗಿಯೋ ಕಂಡರೆ ಗಾಬರಿಯಾಗದೆ ಹಾರ್ಡ್‌ವೇರ್ ವೇಗವರ್ಧನೆಯನ್ನು ನಿಲ್ಲಿಸಿ ನೋಡಿ, ಬಳಿಕ ಗ್ರಾಫಿಕ್ಸ್ ಡ್ರೈವರನ್ನು ನವೀಕರಿಸಿ. ಅನುಮತಿಯಿದ್ದರೆ ಎರಡೂ ಆವೃತ್ತಿಗಳನ್ನು ಕೆಲವು ತಿಂಗಳು ಅಕ್ಕಪಕ್ಕ ಇಟ್ಟುಕೊಳ್ಳಿ. ಶಾಟ್‌ಕಟ್, ಕೆಡೆನ್‌ಲೈವ್‌ಗಳು ಸ್ಥಾಪಿಸದೆಯೇ ಒಂದು ಫೋಲ್ಡರಿನಿಂದ ನಡೆಸಬಹುದಾದ ರೂಪದಲ್ಲಿಯೂ ಸಿಗುವುದರಿಂದ ಅವುಗಳಲ್ಲಿ ಇದು ಸುಲಭ.

ಇಷ್ಟೆಲ್ಲ ಹೇಳಿದ ಮೇಲೆ, ನಿಮಗೆ ಹೊಸ ಆವೃತ್ತಿ ಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಹೊಸ ಕ್ಯಾಮೆರಾದ ಫೈಲು ತೆರೆಯುತ್ತಿಲ್ಲವೇ? ವಿಂಡೋಸ್ ಬದಲಾಯಿಸಬೇಕಾಗಿದೆಯೇ? ತಂತ್ರಾಂಶ ಪದೇ ಪದೇ ಕುಸಿಯುತ್ತಿದೆಯೇ? ಮೂರಕ್ಕೂ ಇಲ್ಲವೆಂದಾದರೆ ಆ ಸೂಚನೆ ಒಂದು ಜಾಹೀರಾತು ಮಾತ್ರ. ನಾನಾಗಿದ್ದರೆ ಅದನ್ನು ಮುಚ್ಚಿ ಮುಂದಿನ ಪದಕ್ಕೆ ಹೋಗುತ್ತಿದ್ದೆ.

ಪ್ರಶ್ನೆ: ಮಗಳ ನಾಮಕರಣ, ಅಕ್ಷರಾಭ್ಯಾಸಗಳ ವಿಡಿಯೊಗಳಿಗೆ ಕನ್ನಡದಲ್ಲಿಯೇ ಟೈಟಲ್ ಹಾಕಿದ್ದೆ. ಹೊಸ ಕಂಪ್ಯೂಟರಿಗೆ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿ ಆ ಪ್ರಾಜೆಕ್ಟ್‌ಗಳನ್ನು ತೆರೆದರೆ ಕೆಲವು ಟೈಟಲ್‌ಗಳಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಇನ್ನು ಕೆಲವುಗಳಲ್ಲಿ ಬರೀ ಚೌಕಗಳು ಕಾಣುತ್ತಿವೆ. ಹೊಸದಾಗಿ ಟೈಪ್ ಮಾಡಿದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಇಂಗ್ಲಿಷಿನಲ್ಲಿಯೇ ಹಾಕಿಬಿಡಿ ಎಂದು ಅಂಗಡಿಯವರು ಹೇಳುತ್ತಾರೆ.
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಅಂಗಡಿಯವರ ಮಾತು ಕೇಳಬೇಡಿ. ನಿಮ್ಮಲ್ಲಿರುವುದು ಒಂದು ತೊಂದರೆಯಲ್ಲ, ಮೂರು, ಮೂರಕ್ಕೂ ದಾರಿಯಿದೆ.

ಇಂಗ್ಲಿಷ್ ಅಕ್ಷರಗಳಾಗಿ ಕಾಣುವ ಟೈಟಲ್‌ಗಳನ್ನು ನೀವು ‘ಬರಹ’ ಅಥವಾ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದಿರಬೇಕು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇರುವವರೆಗೆ ಕನ್ನಡ ಕಾಣುತ್ತದೆ, ಹೊಸ ಕಂಪ್ಯೂಟರಿನಲ್ಲಿ ಅದು ಇಲ್ಲವಾದ ಕೂಡಲೇ ಒಳಗಿದ್ದ ಇಂಗ್ಲಿಷ್ ಅಕ್ಷರಗಳು ಬಯಲಾಗುತ್ತವೆ. ಹಳೆಯ ಕಂಪ್ಯೂಟರಿನಿಂದ ಅದೇ ಫಾಂಟ್ ಫೈಲನ್ನು ತಂದು ಹಾಕಿದರೆ ಸಾಕು. ಆದರೆ 2018ರ ಅಕ್ಟೋಬರಿನ ವಿಂಡೋಸ್ 10 ಆವೃತ್ತಿಯಿಂದೀಚೆಗೆ ಫಾಂಟ್ ಮೇಲೆ ಎರಡು ಬಾರಿ ಒತ್ತಿ ಹಾಕಿದರೆ ಅದು ಆ ಒಬ್ಬ ಬಳಕೆದಾರರಿಗೆ ಮಾತ್ರ ಸೇರುತ್ತದೆ. ಕೆಲವು ಸಂಕಲನ ತಂತ್ರಾಂಶಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಫೈಲಿನ ಮೇಲೆ ಬಲಗುಂಡಿ ಒತ್ತಿ, ಎಲ್ಲ ಬಳಕೆದಾರರಿಗೂ ಸ್ಥಾಪಿಸುವ ಆಯ್ಕೆಯನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಿರಿ.

ಚೌಕಗಳಾದ ಟೈಟಲ್‌ಗಳು ಯುನಿಕೋಡ್‌ನಲ್ಲಿ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿಯಲ್ಲಿ), ಬಹುಶಃ ತುಂಗಾ ಫಾಂಟಿನಲ್ಲಿ ಇದ್ದಿರಬಹುದು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ತಾನಾಗಿಯೇ ಬರುತ್ತಿದ್ದ ತುಂಗಾ, ವಿಂಡೋಸ್ 10ರಿಂದ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿದಿದೆ. ಸೆಟ್ಟಿಂಗ್ಸ್‌ನಲ್ಲಿ ಐಚ್ಛಿಕ ಸೌಲಭ್ಯಗಳನ್ನು ತೆರೆದು ಕನ್ನಡದ ಪೂರಕ ಫಾಂಟ್‌ಗಳನ್ನು ಸೇರಿಸಿಕೊಂಡರೆ ಅದು ಮರಳುತ್ತದೆ. ಅದರ ಬದಲು ವಿಂಡೋಸ್‌ನಲ್ಲಿಯೇ ಇರುವ ನಿರ್ಮಲಾ ಯುಐ ಅಥವಾ ಗೂಗಲ್‌ನ ನೋಟೊ ಸಾನ್ಸ್ ಕನ್ನಡವನ್ನೂ ಬಳಸಬಹುದು, ಆದರೆ ಅಕ್ಷರಗಳ ಅಗಲ ಬೇರೆಯಾದುದರಿಂದ ಸಾಲುಗಳು ಚೌಕಟ್ಟು ಮೀರಿಲ್ಲವೆಂದು ನೋಡಿಕೊಳ್ಳಬೇಕು.

ಒತ್ತಕ್ಷರ ಬಿಡಿಯಾಗುವುದು ಫಾಂಟಿನ ತಪ್ಪಲ್ಲ. ಯುನಿಕೋಡ್‌ನಲ್ಲಿ ವ್ಯಂಜನ, ಅದನ್ನು ಅರ್ಧಾಕ್ಷರವಾಗಿಸುವ ಹಲಂತ ಚಿಹ್ನೆ, ಮುಂದಿನ ವ್ಯಂಜನ ಇವು ಬೇರೆ ಬೇರೆಯಾಗಿ ಕುಳಿತಿರುತ್ತವೆ, ಅವುಗಳನ್ನು ಕೂಡಿಸಿ ಒತ್ತು ಮಾಡಿ ತೋರಿಸುವುದು ತಂತ್ರಾಂಶದ ಕೆಲಸ. ಯೂರೋಪಿನ ಲಿಪಿಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ಟೈಟಲ್ ಸಾಧನಗಳು ಈ ಕೆಲಸ ಮಾಡುವುದಿಲ್ಲ. ಅಡೋಬಿ ಪ್ರೀಮಿಯರ್ ಪ್ರೊದಲ್ಲಿ ಗ್ರಾಫಿಕ್ಸ್ ಆದ್ಯತೆಗಳೊಳಗೆ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಭಾಷೆಗಳ ಪಠ್ಯ ಎಂಜಿನ್ ಎಂಬ ಆಯ್ಕೆಯಿದ್ದು, ಅದನ್ನು ಆರಿಸದೆ ಕನ್ನಡ ನೆಟ್ಟಗಾಗದು. ಕೆಡೆನ್‌ಲೈವ್‌ನ ಟೈಟಲ್‌ಗಳಲ್ಲಿ ನನಗೆ ಈ ತೊಂದರೆ ಬಂದಿಲ್ಲ. ಯಾವುದೇ ತಂತ್ರಾಂಶ ಕೊಳ್ಳುವ ಮೊದಲು ಅದರ ಪ್ರಾಯೋಗಿಕ ಆವೃತ್ತಿಯಲ್ಲಿ ‘ಕೀರ್ತಿ’ ಮತ್ತು ‘ಜ್ಯೋತ್ಸ್ನಾ’ ಎಂಬೆರಡು ಹೆಸರುಗಳನ್ನು ಟೈಪ್ ಮಾಡಿ ನೋಡಿ. ಅರ್ಕಾವೊತ್ತೂ ಎರಡು ಒತ್ತುಗಳ ಸಾಲೂ ಸರಿ ಬಂದರೆ ಉಳಿದದ್ದೂ ಸರಿ ಬಂದೀತು.

ಆದರೆ ನಾನು ನನ್ನ ಮನೆಯ ವಿಡಿಯೊಗಳಿಗೆ ಅನುಸರಿಸುವ ದಾರಿ ಇವೆಲ್ಲಕ್ಕಿಂತ ಹಳೆಯದು. ಟೈಟಲನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ರಚಿಸುವ ತಂತ್ರಾಂಶದಲ್ಲಿ ಬರೆದು, 1920×1080 ಅಳತೆಯಲ್ಲಿ, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ ಟೈಮ್‌ಲೈನಿನ ಮೇಲಿನ ಸಾಲಿನಲ್ಲಿ ಇಡುತ್ತೇನೆ. ಚಿತ್ರಕ್ಕೆ ಫಾಂಟಿನ ಹಂಗಿಲ್ಲ, ಆದ್ದರಿಂದ ಆವೃತ್ತಿ ಬದಲಾದರೂ ಅಕ್ಷರ ಕದಲುವುದಿಲ್ಲ. ಅಕ್ಷರಗಳನ್ನು ಒಂದೊಂದಾಗಿ ಹಾರಿಸುವ ಆಟ ಮಾತ್ರ ಇದರಲ್ಲಿ ಆಗದು. ನಾಮಕರಣದ ವಿಡಿಯೊಗೆ ಅದು ಬೇಕೆಂದು ನನಗೆ ಅನ್ನಿಸುವುದೂ ಇಲ್ಲ.

ಪ್ರಶ್ನೆ: ಹಿಂದೆ ಬಳಸುತ್ತಿದ್ದ ವಿಂಡೋಸ್ ಮೂವಿ ಮೇಕರ್‌ನ ಹೊಸ ಆವೃತ್ತಿಯನ್ನು ಒಂದು ತಾಣದಿಂದ ಇಳಿಸಿಕೊಂಡೆ. ಎಲ್ಲ ಕೆಲಸ ಮುಗಿಸಿ ವಿಡಿಯೊ ಉಳಿಸಲು ಹೋದರೆ ಹಣ ಕೇಳುತ್ತಿದೆ. ಕೊಡಬಹುದೇ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. 2000ದಲ್ಲಿ ವಿಂಡೋಸ್ ಎಂಇ ಜೊತೆಗೆ ಬಂದ ಮೂವಿ ಮೇಕರ್ ಎಂದೂ ಉಚಿತವಾಗಿಯೇ ಇತ್ತು. ಅದರ ಕೊನೆಯ ರೂಪವನ್ನು ಒಳಗೊಂಡಿದ್ದ ವಿಂಡೋಸ್ ಎಸೆನ್ಷಿಯಲ್ಸ್ 2012ಕ್ಕೆ ಮೈಕ್ರೋಸಾಫ್ಟ್ 2017ರ ಜನವರಿ 10ರಂದು ಬೆಂಬಲ ನಿಲ್ಲಿಸಿತು, ಆದ್ದರಿಂದ ಹೊಸ ಆವೃತ್ತಿ ಎಂಬುದು ಇರಲು ಸಾಧ್ಯವೇ ಇಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ, ಇದೇ ಹೆಸರಿನ ತಿರುಚಿದ ತಂತ್ರಾಂಶವೊಂದು ಉಳಿಸುವ ಹಂತದಲ್ಲಿ ಹಣ ಕೇಳುತ್ತಾ ಹರಡುತ್ತಿದೆ ಎಂದು ಎಚ್ಚರಿಸಿತ್ತು. ನಿಮ್ಮ ಅನುಭವ ಅದನ್ನೇ ಹೋಲುತ್ತದೆ. ಆ ತಂತ್ರಾಂಶವನ್ನು ತೆಗೆದುಹಾಕಿ, ವೈರಸ್ ತಪಾಸಣೆ ಮಾಡಿಸಿ.

ಅದರ ಸ್ಥಾನದಲ್ಲಿ ಈಗ ವಿಂಡೋಸ್ 11ರ ಜೊತೆ ಬರುವುದು ಕ್ಲಿಪ್‌ಚಾಂಪ್. ಮೈಕ್ರೋಸಾಫ್ಟ್ ಅದನ್ನು 2021ರಲ್ಲಿ ಕೊಂಡುಕೊಂಡಿತು. ಉಚಿತ ರೂಪದಲ್ಲಿ 1080ಪಿ ಗುಣಮಟ್ಟದವರೆಗೆ ಉಳಿಸಿಕೊಳ್ಳಬಹುದು. ಮೂವಿ ಮೇಕರ್‌ನ ಹಳೆಯ ಪ್ರಾಜೆಕ್ಟ್‌ಗಳು ಮಾತ್ರ ಅದರಲ್ಲಿ ತೆರೆಯುವುದಿಲ್ಲ, ಮೂಲ ಫೋಟೊ ಮತ್ತು ಕ್ಲಿಪ್‌ಗಳಿಂದ ಮತ್ತೆ ಜೋಡಿಸಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ಐಫೋನಿನಲ್ಲಿ ತೆಗೆದು ಕಳುಹಿಸುವ ವಿಡಿಯೊಗಳನ್ನು ನನ್ನ ತಂತ್ರಾಂಶಕ್ಕೆ ಹಾಕಿದರೆ ಧ್ವನಿ ಮಾತ್ರ ಕೇಳಿಸುತ್ತದೆ, ಚಿತ್ರ ಕಪ್ಪು. ಅಪ್‌ಡೇಟ್ ಮಾಡಿದ ಮೇಲೆ ಚಿತ್ರ ಬಂದಿತು, ಆದರೆ ಇಪ್ಪತ್ತು ನಿಮಿಷದ ಆರತಕ್ಷತೆಯ ವಿಡಿಯೊದಲ್ಲಿ ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಿದೆ. ಮತ್ತೆ ಹಳೆಯ ಆವೃತ್ತಿಗೆ ಹೋಗಬೇಕೇ?
– ಓದುಗರು, ಖಾರ್‌ಘರ್, ನವಿ ಮುಂಬಯಿ

ಉತ್ತರ: ಬೇಡ, ನಿಮ್ಮ ವಿಷಯದಲ್ಲಿ ಅಪ್‌ಡೇಟ್ ಮಾಡಿದ್ದೇ ಸರಿ. 2017ರ ಐಒಎಸ್ 11ರಿಂದೀಚೆಗೆ ಐಫೋನ್‌ಗಳು ಎಚ್‌ಇವಿಸಿ ಎಂಬ ಸಂಕೋಚನ ವಿಧಾನವನ್ನು ಬಳಸುತ್ತವೆ. 2003ರ ಎಚ್.264 ವಿಧಾನಕ್ಕಿಂತ ಇದರಲ್ಲಿ ಜಾಗ ಉಳಿಯುತ್ತದೆ, ಆದರೆ ಬಿಡಿಸಿ ಓದುವ ಕೆಲಸ ಭಾರ. ಹಳೆಯ ತಂತ್ರಾಂಶಕ್ಕೆ ಈ ವಿಧಾನದ ಪರಿಚಯವೇ ಇರದಿದ್ದುದರಿಂದ ಚಿತ್ರ ಕಪ್ಪಾಗಿತ್ತು. ಇನ್ನು ಮುಂದೆ ತೆಗೆಯುವ ವಿಡಿಯೊಗಳಿಗಾಗಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ಹೆಚ್ಚು ಹೊಂದಿಕೆಯಾಗುವ ಬಗೆಯನ್ನು ಆರಿಸುವಂತೆ ಮಗನಿಗೆ ಹೇಳಿ.

ಮಾತು ಸರಿಯುವುದಕ್ಕೆ ಕಾರಣ ಬೇರೆ. ಟೇಪಿನ ಕ್ಯಾಮೆರಾ ಸೆಕೆಂಡಿಗೆ ಸರಿಯಾಗಿ 25 ಚೌಕಟ್ಟುಗಳನ್ನು (ಫ್ರೇಮ್) ಬರೆಯುತ್ತಿತ್ತು. ಫೋನ್ ಹಾಗಲ್ಲ, ಬೆಳಕು ಕಡಿಮೆಯಾದಾಗ, ಬಿಸಿಯೇರಿದಾಗ ಅದು ಚೌಕಟ್ಟುಗಳ ವೇಗವನ್ನು ತಾನೇ ಏರಿಳಿಸುತ್ತದೆ. ಸಂಕಲನ ತಂತ್ರಾಂಶ ವೇಗ ಒಂದೇ ಸಮನಿದೆಯೆಂದು ಲೆಕ್ಕ ಹಾಕಿದರೆ, ಪ್ರತಿ ನಿಮಿಷವೂ ಚಿಕ್ಕ ಚಿಕ್ಕ ವ್ಯತ್ಯಾಸ ಕೂಡುತ್ತಾ ಹೋಗಿ ಇಪ್ಪತ್ತನೆಯ ನಿಮಿಷಕ್ಕೆ ಕಣ್ಣಿಗೆ ಹೊಡೆಯುತ್ತದೆ. ಟೈಮ್‌ಲೈನಿನಲ್ಲಿ ಧ್ವನಿಯನ್ನು ಹಿಂದೆ ಮುಂದೆ ಎಳೆದು ಸರಿಪಡಿಸಲು ಹೋಗಬೇಡಿ, ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತದೆ. ಸಂಕಲನಕ್ಕೆ ಮುನ್ನವೇ ಹ್ಯಾಂಡ್‌ಬ್ರೇಕ್‌ನ ವಿಡಿಯೊ ಪುಟದಲ್ಲಿ ಚೌಕಟ್ಟಿನ ವೇಗವನ್ನು 30ಕ್ಕೆ ನಿಲ್ಲಿಸಿ, ಸ್ಥಿರ ವೇಗ ಎಂಬ ಆಯ್ಕೆಯನ್ನು ಗುರುತಿಸಿ ಪರಿವರ್ತಿಸಿಕೊಳ್ಳಿ. ಮಗ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊದಂತೆ ಕಳುಹಿಸುತ್ತಿದ್ದರೆ ಅದು ದಾರಿಯಲ್ಲಿಯೇ ಇನ್ನೊಮ್ಮೆ ಹಿಂಡಿ ಬಂದಿರುತ್ತದೆ; ಮೂಲ ಫೈಲನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲಿ, ಇಲ್ಲವೇ ಮುಂದಿನ ಸಲ ಊರಿಗೆ ಬಂದಾಗ ಕೇಬಲ್ಲಿನಿಂದ ಇಳಿಸಿಕೊಳ್ಳಿ.

ಪ್ರಶ್ನೆ: ಎಲ್ಲ ಸೌಲಭ್ಯಗಳಿರುವ ‘ಫುಲ್ ವರ್ಷನ್’ ಅನ್ನು ಲ್ಯಾಮಿಂಗ್ಟನ್ ರಸ್ತೆಯ ಕಡೆ ಒಬ್ಬರು ಮುನ್ನೂರು ರೂಪಾಯಿಗೆ ಹಾಕಿಕೊಡುತ್ತಾರಂತೆ. ಅಪ್‌ಡೇಟ್ ಮಾತ್ರ ಮಾಡಬಾರದಂತೆ. ಯಾಕೆ?
– ಓದುಗರು, ಘಾಟ್ಕೋಪರ್

ಉತ್ತರ: ಅಪ್‌ಡೇಟ್ ಮಾಡಿದರೆ ಕದ್ದ ಮಾಲು ಎಂದು ತಿಳಿದು ನಿಂತುಬಿಡುತ್ತದೆ, ಅದಕ್ಕೆ. ಬೀಗ ಮುರಿಯಲು ಹಾಕಿದ ಪುಟ್ಟ ಪ್ರೋಗ್ರಾಂ ಇನ್ನೇನು ಮಾಡುತ್ತಿದೆಯೆಂದು ಹಾಕಿಕೊಟ್ಟವರಿಗೂ ತಿಳಿದಿರುವುದಿಲ್ಲ. ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಮೂರೂ ಕಾನೂನುಬದ್ಧವಾಗಿ ಉಚಿತ. ಮುನ್ನೂರು ರೂಪಾಯಿಯಲ್ಲಿ ಒಳ್ಳೆಯ ಪೆನ್‌ಡ್ರೈವ್ ಕೊಳ್ಳಿ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಸಂಕಲನ ತಂತ್ರಾಂಶದ ಹೊಸ ಆವೃತ್ತಿ ವಿಂಡೋಸ್ 11 ಬೇಕೆನ್ನುತ್ತದೆ, ನನ್ನ ಯಂತ್ರ ಅದಕ್ಕೆ ಅರ್ಹವಲ್ಲ ಎಂದು ಮೈಕ್ರೋಸಾಫ್ಟ್‌ನ ತಪಾಸಣೆ ಹೇಳುತ್ತದೆ. ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕಬೇಕೇ?
– ಓದುಗರು, ಮೀರಾ ರೋಡ್

ಉತ್ತರ: ಹಾಕಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮನೆಬಳಕೆಯವರು ನೋಂದಾಯಿಸಿಕೊಂಡರೆ ಭದ್ರತಾ ತಿದ್ದುಪಡಿಗಳು 2026ರ ಅಕ್ಟೋಬರ್ 13ರವರೆಗೆ ಸಿಗುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಕೇಳುವುದರಿಂದ, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಯಂತ್ರಗಳು ಸಾಮಾನ್ಯವಾಗಿ ಹೊರಗುಳಿಯುತ್ತವೆ. ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ವಿಡಿಯೊದಂಥ ಭಾರದ ಕೆಲಸಕ್ಕೆ ನಾನು ಅದನ್ನು ಸೂಚಿಸಲಾರೆ.

ಹಳೆಯ ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿ ಸಂಕಲನಕ್ಕೆಂದೇ ಮೀಸಲಿಡುವುದು ಒಂದು ಒಳ್ಳೆಯ ಉಪಾಯ. ಬ್ಯಾಂಕು, ಅಂಚೆ, ಖರೀದಿಗಳಿಗೆ ಫೋನು ಇದ್ದೇ ಇದೆ. ಆದರೆ ತಿಂಗಳ ಚಂದಾ ಕಟ್ಟುವ ತಂತ್ರಾಂಶಗಳು ಆಗಾಗ ಅಂತರ್ಜಾಲದಲ್ಲಿ ಪರವಾನಗಿ ಪರೀಕ್ಷಿಸುವುದರಿಂದ ಈ ಉಪಾಯ ಅವುಗಳಿಗೆ ಒಗ್ಗದು. ಲಿನಕ್ಸ್ ಹಾಕಿಕೊಡಬಲ್ಲ ಪರಿಚಿತರಿದ್ದರೆ ಅದರ ಮೇಲೆ ಕೆಡೆನ್‌ಲೈವ್ ನಡೆಸಬಹುದು, ಆಗ ಅಂತರ್ಜಾಲದಿಂದ ದೂರವಿಡುವ ಅಗತ್ಯವೂ ಬೀಳದು. ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ರ‍್ಯಾಮನ್ನು 16 ಜಿಬಿಗೆ ಏರಿಸಿ, ಹಳೆಯ ತಿರುಗುವ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ಹೊಸ ಆವೃತ್ತಿ ಕೊಡದ ವೇಗವನ್ನು ಇವೆರಡು ಕೊಡಬಲ್ಲವು.

ಪ್ರಶ್ನೆ: 2006ರಲ್ಲಿ ಮಿನಿ ಡಿವಿ ಟೇಪಿನಲ್ಲಿ ತೆಗೆದ ತಂದೆಯವರ ಷಷ್ಟ್ಯಬ್ದಿಯ ಸಂಕಲನವನ್ನು ಹೊಸ ಆವೃತ್ತಿಯಲ್ಲಿ ಮತ್ತೆ ಉಳಿಸಿದೆ. ಯಾರಾದರೂ ಕೈ ಬೀಸಿದರೆ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಹಳೆಯ ಆವೃತ್ತಿಯಲ್ಲಿ ಹೀಗಿರಲಿಲ್ಲ. ಟೇಪು ಕೆಟ್ಟಿದೆಯೇ?
– ಓದುಗರು, ಮುಲುಂಡ್

ಉತ್ತರ: ಟೇಪು ಕೆಟ್ಟರೆ ಚಿತ್ರದಲ್ಲಿ ಚೌಕ ಚೌಕವಾದ ಕಲೆಗಳು ಬರುತ್ತವೆ, ಧ್ವನಿ ತಪ್ಪುತ್ತದೆ; ಬಾಚಣಿಗೆಯ ಗೆರೆಗಳು ಬರುವುದಿಲ್ಲ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿ ವಿಡಿಯೊದ ಅಳತೆ 720×576, ಸೆಕೆಂಡಿಗೆ 25 ಚೌಕಟ್ಟು. ಪ್ರತಿ ಚೌಕಟ್ಟಿನಲ್ಲಿ ಸರಿಗೆರೆಗಳು ಒಂದು ಕ್ಷಣದ ಚಿತ್ರವನ್ನೂ ಬೆಸಗೆರೆಗಳು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಆಚೀಚಿನ ಚಿತ್ರವನ್ನೂ ಹಿಡಿದಿರುತ್ತವೆ. ಹಳೆಯ ಡಬ್ಬಿ ಟಿವಿ ಇವನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿದ್ದುದರಿಂದ ಚಲನೆ ನಯವಾಗಿತ್ತು. ಈಗಿನ ಪರದೆಗಳು ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುತ್ತವೆ, ಬೀಸಿದ ಕೈ ಎರಡು ಕಡೆ ಇರುವಂತೆ ಕಾಣುತ್ತದೆ.

ಡಿವಿಯಲ್ಲಿ ಈ ಎರಡು ಗುಂಪುಗಳಲ್ಲಿ ಕೆಳಗಿನ ಗೆರೆಗಳ ಗುಂಪು (ಲೋವರ್ ಫೀಲ್ಡ್) ಮೊದಲು ಬರುತ್ತದೆ. ಎಚ್‌ಡಿ ಕ್ಯಾಮ್‌ಕಾರ್ಡರ್‌ಗಳ ಇಂಥ ವಿಡಿಯೊಗಳಲ್ಲಿ ಮೇಲಿನದು ಮೊದಲು. ಹೊಸ ಆವೃತ್ತಿ ನಿಮ್ಮ ಕ್ಲಿಪ್‌ಗಳನ್ನು ಎಚ್‌ಡಿ ಎಂದೋ, ಗೆರೆಗಳ ವಿಂಗಡಣೆಯೇ ಇಲ್ಲದ ವಿಡಿಯೊ ಎಂದೋ ಎಣಿಸಿದಂತಿದೆ. ಕ್ಲಿಪ್‌ನ ಗುಣವಿಶೇಷಗಳಲ್ಲಿ ಕೆಳಗಿನ ಗುಂಪು ಮೊದಲು ಎಂದು ಗುರುತಿಸಿ, ಉಳಿಸುವಾಗ ಡಿಇಂಟರ್‌ಲೇಸ್ (ಹೆಣೆದುಕೊಂಡ ಎರಡು ಗುಂಪಿನ ಗೆರೆಗಳನ್ನು ಬಿಡಿಸುವ) ಆಯ್ಕೆಯನ್ನು ಹಾಕಿ, ಮೊದಲು ಯಾರಾದರೂ ಕೈ ಬೀಸುವ ಒಂದೇ ನಿಮಿಷವನ್ನು ಉಳಿಸಿ ನೋಡಿ. ಚಿತ್ರವನ್ನು ಎಚ್‌ಡಿ ಅಳತೆಗೆ ಹಿಗ್ಗಿಸುವುದಿದ್ದರೆ ಅದು ಡಿಇಂಟರ್‌ಲೇಸ್ ಆದ ನಂತರವೇ ಆಗಬೇಕು; ಮೊದಲೇ ಹಿಗ್ಗಿಸಿದರೆ ಗೆರೆಗಳು ಚಿತ್ರದಲ್ಲಿಯೇ ಕಲಸಿಹೋಗಿ ಮತ್ತೆ ಬಿಡಿಸಲು ಬರುವುದಿಲ್ಲ.

ಟೇಪುಗಳ ಮಾತು ಬಂದುದರಿಂದ ಒಂದು ವಿಷಯ ಸೇರಿಸುತ್ತೇನೆ. ಅವನ್ನು ಇನ್ನೂ ಕಂಪ್ಯೂಟರಿಗೆ ಪೂರ್ತಿಯಾಗಿ ಇಳಿಸಿಕೊಂಡಿಲ್ಲವಾದರೆ ಈ ಮಳೆಗಾಲಕ್ಕೆ ಮುನ್ನ ಇಳಿಸಿಕೊಳ್ಳಿ. ಮುಂಬಯಿಯ ತೇವದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಟೇಪು ಕ್ಯಾಮೆರಾದ ಹೆಡ್ಡನ್ನೂ ಕೆಡಿಸುತ್ತದೆ. ಇಳಿಸಲು ಫೈರ್‌ವೈರ್ ಕಿಂಡಿಯಿರುವ ಯಂತ್ರ ಬೇಕು. ಹೊಸ ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ, ಡೆಸ್ಕ್‌ಟಾಪ್ ಆದರೆ ಕಾರ್ಡು ಹಾಕಿಸಬಹುದು. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಜಾಗ ಬೇಕಾಗುತ್ತದೆ. ಹೀಗೆ ಇಳಿಸಿದ ಎವಿಐ ಫೈಲುಗಳನ್ನು ಜಾಗ ಉಳಿಸಲೆಂದು ಎಂಪಿ4 ಮಾಡಿ ಮೂಲವನ್ನು ಅಳಿಸಬೇಡಿ, ಮತ್ತು ಫೈರ್‌ವೈರ್ ಇರುವ ಹಳೆಯ ಯಂತ್ರದ ವಿಂಡೋಸ್ ಆಗಲಿ ತಂತ್ರಾಂಶವಾಗಲಿ, ಕೊನೆಯ ಟೇಪು ಇಳಿಯುವವರೆಗೆ ಈಗಿರುವಂತೆಯೇ ಇರಲಿ.